ನೀಲಿಗೆ ತಿರುಗಿದ ಕಾಗದ

ಚಿಕ್ಕಲಸಂದ್ರದ ಮುನಿಲಕ್ಷ್ಮಮ್ಮನವರ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಉಚ್ಚೆ ಪರೀಕ್ಷೆಯಿಂದ. ನಗಬೇಡಿ, ನಿಜ. ಆ ಮನೆಯ ಇಬ್ಬರು ಸೊಸೆಯರೂ ಎದ್ದ ತಕ್ಷಣ ಬಚ್ಚಲಿಗೆ ಹೋಗಿ, ಬೆರಳುದ್ದದ ಕೆಂಪು ಕಾಗದವೊಂದನ್ನು ಒದ್ದೆ ಮಾಡಿಕೊಂಡು ಬಂದು ಅತ್ತೆಯ ಕಣ್ಣಿಗೆ ಹಿಡಿಯಬೇಕಿತ್ತು. ಕಾಗದ ನೀಲಿಗೆ ತಿರುಗಿದ್ದರೆ ಅವತ್ತಿಗೆ ಅವಳು ಮನೆ ಬೆಳಗುವ ಸೊಸೆ. ಕೆಂಪಾಗಿಯೇ ಉಳಿದಿದ್ದರೆ ಮೈಯೆಲ್ಲ ಹುಳಿ, ಮನಸ್ಸೂ ಹುಳಿ, ತವರಿನವರು ಬೆಳೆಸಿದ್ದೇ ಹುಳಿ.

ಇದನ್ನೆಲ್ಲ ಮುದುಕಿಯ ತಲೆಗೆ ತುಂಬಿದವನು ಪಾರ್ಕಿನ ಲಕ್ಕಪ್ಪ. ಬೆಳಗ್ಗೆ ವಾಕಿಂಗ್ ಬರುವವರಿಗೆ ಗೇಟಿನ ಬಳಿ ಬೂದುಗುಂಬಳಕಾಯಿ ರಸ ಮಾರುವವನು. ಮಂಡಿ ನೋವಿನಿಂದ ಹಿಡಿದು ಮಂಡೆ ಬೋಳಾಗುವವರೆಗೆ ಎಲ್ಲ ರೋಗಕ್ಕೂ ಮೈಯೊಳಗಿನ ಆಸಿಡ್ಡೇ ಮೂಲ ಎಂದು ಅವನ ವಾದ. ರಸದ ಜೊತೆ ಲಿಟ್ಮಸ್ ಕಾಗದದ ಕಟ್ಟನ್ನೂ ಮಾರುತ್ತಿದ್ದ. ಬರೀ ರಸಕ್ಕೆ ಕಾಗದ ನೀಲಿಯಾಗದೆ ಹೋದಾಗ "ಒಂದು ಚಿಟಿಕೆ ಅಡುಗೆ ಸೋಡಾ ಹಾಕ್ಕೊಳಿ ಅಮ್ಮಾವ್ರೆ" ಎಂದ. ಚಿಟಿಕೆ ಎಂದರೆ ಮುನಿಲಕ್ಷ್ಮಮ್ಮನವರಿಗೆ ಎಲ್ಲಿ ಸಾಕಾಗಬೇಕು? ರಾಗಿ ಹೊಲಕ್ಕೆ ಗೊಬ್ಬರ ಎರಚಿ ಬದುಕಿದ ಕೈ. ಚಿಟಿಕೆ ಚಮಚವಾಯಿತು, ಸೊಸೆಯರಿಗೆ ಬೆಳಗ್ಗೆ ಒಂದು ಲೋಟ ಇದ್ದದ್ದು ಸಂಜೆಗೂ ಒಂದಾಯಿತು.

ಆ ರಾಗಿ ಹೊಲವೆಲ್ಲ ಈಗ ಸೈಟುಗಳು. ಹೊಲದ ಮೂಲೆಯಲ್ಲಿ ಉಳಿದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಮೇಲೆಲ್ಲ ಬಾಡಿಗೆ ಮನೆಗಳು, ಮೊದಲ ಮಹಡಿಯಲ್ಲಿ ಈ ಕುಟುಂಬ, ಕೆಳಗೆ ರಸ್ತೆಗೆ ಮುಖ ಮಾಡಿ ಕಿರಿಯ ಸೊಸೆ ಬಿಂದುಶ್ರೀಯ ಮೆಡಿಕಲ್ ಸ್ಟೋರು. ಇಡೀ ಕಟ್ಟಡದ ಬೀಗದ ಕೈಗಳು ಒಂದೇ ಗೊಂಚಲಾಗಿ ಮುನಿಲಕ್ಷ್ಮಮ್ಮನವರ ಸೊಂಟದಲ್ಲಿ ನೇತಾಡುತ್ತಿದ್ದವು. ಬಾಡಿಗೆ ಮನೆಯದು, ನೀರಿನ ಮೋಟಾರಿನದು, ಬೀರುವಿನದು, ಜೊತೆಗೆ ಮೆಡಿಕಲ್ ಸ್ಟೋರಿನ ಶಟರಿನದೂ.

ಬಿಂದುಶ್ರೀಯ ಹೊಟ್ಟೆ ಉರಿಯುತ್ತಿದ್ದುದು ಅಲ್ಲೇ. ಬಿ.ಫಾರ್ಮಾ ಓದಿ, ತನ್ನ ಹೆಸರಿನಲ್ಲಿ ಲೈಸೆನ್ಸ್ ತೆಗೆದು ಗೋಡೆಗೆ ಫ್ರೇಮ್ ಹಾಕಿಸಿಕೊಂಡವಳು, ದಿನಾ ಬೆಳಗ್ಗೆ ಅತ್ತೆಯ ಮುಂದೆ ನಿಂತು "ಅತ್ತೆ, ಶಟರ್ ಕೀ" ಎಂದು ಕೈ ಚಾಚಬೇಕು. ಅತ್ತೆ ಒಮ್ಮೆ ಪೂಜೆಯಲ್ಲಿರುತ್ತಾರೆ, ಒಮ್ಮೆ ಸ್ನಾನದಲ್ಲಿರುತ್ತಾರೆ, ಒಮ್ಮೆ ಸುಮ್ಮನೆ ಕೂತಿದ್ದರೂ "ಇರಮ್ಮ, ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ" ಎನ್ನುತ್ತಾರೆ. ಕೆಳಗೆ ಗಿರಾಕಿಗಳು ಕಾಯುತ್ತಿರುತ್ತಾರೆ, ಮೇಲೆ ಇವಳು ಭಿಕ್ಷೆಯವಳ ಹಾಗೆ ನಿಂತಿರುತ್ತಾಳೆ. ಗಂಡ ಭೀಮೇಶನಿಗೆ ಹೇಳಿದರೆ "ಅಮ್ಮ ಅಲ್ವಾ, ಬಿಡು" ಎಂದು ಫೋನ್ ನೋಡುತ್ತಾನೆ.

ಆ ವರ್ಷ ಮುನಿಲಕ್ಷ್ಮಮ್ಮನವರ ಮಂಡಿ ಪೂರ್ತಿ ಕೈಕೊಟ್ಟಿತು. ಮೆಟ್ಟಿಲು ಹತ್ತಿ ಬಾಡಿಗೆಯವರನ್ನು ವಿಚಾರಿಸಲು ಆಗುತ್ತಿರಲಿಲ್ಲ. ಶ್ರಾವಣದಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿಬಿಟ್ಟರು: "ಗೌರಿ ಹಬ್ಬದ ದಿನ ಈ ಗೊಂಚಲು ಒಬ್ಬಳ ಕೈಗೆ ಕೊಡ್ತೀನಿ. ಯಾರಿಗೆ ಅಂತ ಕೇಳ್ಬೇಡಿ. ಅವತ್ತು ನೋಡಿ."

ಕೇಳುವುದೇನಿದೆ, ಎಲ್ಲರಿಗೂ ಗೊತ್ತಿತ್ತು. ಹಿರಿಯ ಸೊಸೆ ಚೈತ್ರಳಿಗೇ. ಹೊಸಕೆರೆಹಳ್ಳಿಯ ಹುಡುಗಿ, ನಗುಮುಖದವಳು. ಮೂರನೇ ಮಹಡಿಯವರ ಮಗುವಿಗೆ ಜ್ವರ ಬಂದರೂ ಗಂಜಿ ಮಾಡಿ ಒಯ್ಯುವವಳು. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಕಾಗದ ದಿನಾ ನೀಲಿ. ಬಿಂದುಶ್ರೀ ತನ್ನ ಪಾಲಿನ ರಸವನ್ನು ಯಾರಿಗೂ ಕಾಣದಂತೆ ಹಿಂಬದಿಯ ಕರಿಬೇವಿನ ಕುಂಡಕ್ಕೆ ಸುರಿದು, ಕಾಗದವನ್ನು ಸೋಡಾ ನೀರಿನಲ್ಲಿ ಅದ್ದಿ ತೋರಿಸುತ್ತಿದ್ದಳು. ಕರಿಬೇವು ಒಣಗಿ ಕಡ್ಡಿಯಾಯಿತು, ಸೋಪಿನ ನೀರು ಚೆಲ್ಲಿದರೆಂದು ಬೈಗುಳ ಮೇಲಿನ ಮನೆಯ ಬಾಡಿಗೆಯವರಿಗೆ ಬಿತ್ತು. ಚೈತ್ರಳಿಗೆ ಇಂಥ ಕಳ್ಳಾಟ ಬರುತ್ತಿರಲಿಲ್ಲ. ಒಂದು ದಿನ ನೀಲಿ ತಿಳಿಯಾದರೆ ಸಂಜೆಗೆ ಅರ್ಧ ಚಮಚ ಜಾಸ್ತಿ ಹಾಕಿಕೊಂಡು, ಮುಖ ಕಿವುಚಿ ಗಟಗಟನೆ ಕುಡಿಯುತ್ತಿದ್ದಳು. "ನೋಡಿ ಕಲಿ" ಎಂದು ಅತ್ತೆ ಕಿರಿಯವಳಿಗೆ ಹೇಳುತ್ತಿದ್ದರು. ಹೊಟ್ಟೆ ಉರಿಗೇನೋ ಸೋಡಾ ಇದೆ, ಹೊಟ್ಟೆಕಿಚ್ಚಿಗೆ ಯಾವ ಪುಡಿ ಇದೆ ಹೇಳಿ.

ಬಳೆ ತರಲೆಂದು ಇಬ್ಬರೂ ಜಯನಗರ ನಾಲ್ಕನೇ ಬ್ಲಾಕಿಗೆ ಹೋದ ದಿನ ಗುಟ್ಟು ಹೊರಬಿತ್ತು. ಕಾಂಪ್ಲೆಕ್ಸಿನ ಬಳಿ ಚೈತ್ರ "ಐದು ನಿಮಿಷ, ಬಂದೆ" ಎಂದು ಎಲ್ಲೋ ಹೋಗಿ ಬಂದಿದ್ದಳು. ವಾಪಸ್ ಬರುವಾಗ ಬನಶಂಕರಿಯ ಹತ್ತಿರ ಸ್ಕೂಟರ್ ಹಳ್ಳಕ್ಕೆ ಇಳಿದು, ಅವಳ ಬ್ಯಾಗು ಜಾರಿ ಬಿತ್ತು. ಬಳೆ ಡಬ್ಬಿಯ ಜೊತೆ ಒಂದು ಮಾತ್ರೆ ಶೀಟೂ ರಸ್ತೆಗೆ ಬಿತ್ತು.

"ವಿಟಮಿನ್" ಎಂದು ಚೈತ್ರ ಅವಸರದಿಂದ ಬಾಚಿಕೊಂಡಳು.

ಪಾಪದವಳೇ, ಯಾರ ಮುಂದೆ ಹೇಳುತ್ತಿದ್ದೀ ಆ ಸುಳ್ಳನ್ನ? ಮಾತ್ರೆ ಶೀಟಿನ ಬೆನ್ನು ನೋಡಿದರೆ ಸಾಕು, ಬಿಂದುಶ್ರೀಗೆ ಜಾತಕವೇ ಗೊತ್ತಾಗುತ್ತದೆ. ಫೆನೋಬಾರ್ಬಿಟೋನ್. ಫಿಟ್ಸ್ ಬರುವವರ ಮಾತ್ರೆ. ಮನೆಯ ಕೆಳಗೇ ಮೆಡಿಕಲ್ ಸ್ಟೋರ್ ಇಟ್ಟುಕೊಂಡು ಜಯನಗರಕ್ಕೆ ಬಂದು ಮಾತ್ರೆ ಕೊಳ್ಳುವುದು ಏಕೆ ಎನ್ನುವುದೂ ಅಲ್ಲೇ ಅರ್ಥವಾಯಿತು. ಮದುವೆಗೆ ಮುಂಚಿನ ಕಾಯಿಲೆ, ಮುಚ್ಚಿಟ್ಟು ಮದುವೆ ಮಾಡಿದ್ದಾರೆ. ಮಾತ್ರೆಯ ದಯೆಯಿಂದ ಇಷ್ಟು ವರ್ಷ ಒಮ್ಮೆಯೂ ಬಿದ್ದಿಲ್ಲ.

"ಜೋಪಾನ ಅಕ್ಕ" ಎಂದಷ್ಟೇ ಹೇಳಿ ಅವಳು ಸ್ಕೂಟರ್ ಏರಿದಳು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಚೈತ್ರ ರಸಕ್ಕೆ ಸೋಡಾ ಕಲಸುತ್ತ ನಿಂತಿದ್ದಳು. ಚಮಚ ಲೋಟಕ್ಕೆ ತಾಗಿ ಟಿಣ್ ಎಂದಿತು. ಆಗ ಬಿಂದುಶ್ರೀಗೆ ಕಾಲೇಜಿನ ಪಾಠ ನೆನಪಾಯಿತು. ಈ ಮಾತ್ರೆ ಸ್ವಭಾವದಲ್ಲಿ ಆಸಿಡ್ಡು, ತೀರಾ ಸೌಮ್ಯವಾದ ಆಸಿಡ್ಡು. ಕಿಡ್ನಿಯಲ್ಲಿ ಸೋಸಿ ಹೋದದ್ದರಲ್ಲಿ ಒಂದಷ್ಟು ಮತ್ತೆ ರಕ್ತಕ್ಕೇ ಮರಳುತ್ತದೆ, ಹಾಗಾಗಿ ಮೈಯಲ್ಲಿ ಬಹಳ ದಿನ ಉಳಿಯುತ್ತದೆ. ಆದರೆ ಉಚ್ಚೆಗೆ ಸೋಡಾ ಸೇರಿದರೆ ಅಲ್ಲಿ ಮಾತ್ರೆಯ ರೂಪ ಬದಲಾಗಿ, ವಾಪಸ್ ಒಳಗೆ ನುಸುಳಲಾರದೆ ಅಲ್ಲೇ ಸಿಕ್ಕಿಬಿದ್ದು ಹೊರಗೆ ಹೋಗುತ್ತದೆ. "ಸೋಡಾ ಅಂದ್ರೆ ಕಲ್ಯಾಣ ಮಂಟಪದ ವಾಚ್‌ಮನ್ ಇದ್ದಂಗೆ. ಹೊರಗೆ ಹೋದ ನೆಂಟನ್ನ ಮತ್ತೆ ಒಳಗೆ ಬಿಡಲ್ಲ" ಎಂದಿದ್ದರು ಮೇಷ್ಟ್ರು. ಈ ಮಾತ್ರೆಯನ್ನು ವಿಪರೀತ ನುಂಗಿ ಆಸ್ಪತ್ರೆ ಸೇರಿದವರಿಗೆ ಡಾಕ್ಟರುಗಳೇ ಸೋಡಾ ಡ್ರಿಪ್ ಹಾಕಿ ಹೊರಗೆ ತೊಳೆಯುತ್ತಾರಂತೆ.

ಅಂದರೆ, ಅತ್ತೆ ಮೆಚ್ಚಿ ಬೆನ್ನು ತಟ್ಟುವ ಆ ನೀಲಿ ಬಣ್ಣವೇ ಚೈತ್ರಳ ಮಾತ್ರೆಯನ್ನು ದಿನಾ ಬಚ್ಚಲಿಗೆ ಹರಿಸುತ್ತಿತ್ತು.

ಒಂದು ಮಾತು ಸಾಕಾಗಿತ್ತು. "ಅಕ್ಕ, ಆ ಮಾತ್ರೆ ತಗೊಳೋರು ಸೋಡಾ ಕುಡೀಬಾರದು." ಗುಟ್ಟನ್ನು ಗುಟ್ಟಾಗಿಯೇ ಇಟ್ಟು, ಕಿವಿಯಲ್ಲಿ ಹೇಳಬಹುದಿತ್ತು. ಬಾಯಿಯವರೆಗೆ ಬಂದೂ ಇತ್ತು. ಅಷ್ಟರಲ್ಲಿ ನಡುಮನೆಯಿಂದ ಗೊಂಚಲು ಝಣ ಝಣ ಎಂದಿತು. ಮೂರ್ಛೆ ರೋಗದವಳ ಕೈಗೆ ಯಾವ ಅತ್ತೆ ಬೀಗದ ಕೈ ಕೊಟ್ಟಾಳು? ಹಬ್ಬದೊಳಗೆ ಒಂದು ಸಲ, ಒಂದೇ ಸಲ ಬಿದ್ದರೆ ಸಾಕು. ತಾನೇನು ವಿಷ ಹಾಕುತ್ತಿಲ್ಲವಲ್ಲ. ಕುಡಿಸುತ್ತಿರುವವರು ಅತ್ತೆ, ಕುಡಿಯುತ್ತಿರುವವಳು ಅವಳು. ಹೀಗೆ ಲೆಕ್ಕ ಹಾಕಿಕೊಂಡು ಬಿಂದುಶ್ರೀ ಬಾಯಿ ಮುಚ್ಚಿಕೊಂಡಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವನು ಇವಳನ್ನು ಕಂಡಿರಲಾರ.

ಬಾಯಿ ಮುಚ್ಚಿಕೊಂಡೇ ಇದ್ದಿದ್ದರೂ ಒಂದು ರೀತಿ. ಮಾರನೆಯ ವಾರ ಚೈತ್ರಳ ಕಾಗದ ಸ್ವಲ್ಪ ಮಂಕಾದಾಗ ಇವಳೇ ಹೇಳಿದಳು: "ಇನ್ನರ್ಧ ಚಮಚ ಹಾಕ್ಕೊಳಿ ಅಕ್ಕ. ಹಬ್ಬ ಹತ್ರ ಬಂತು."

"ನೀನು ಎಷ್ಟು ಒಳ್ಳೆಯವಳೇ ಬಿಂದು" ಎಂದು ಚೈತ್ರ ನಕ್ಕಳು. "ಬೇರೆ ಯಾರಾದ್ರೂ ಆಗಿದ್ರೆ ನಾನು ಸೋಲಲಿ ಅಂತ ಕಾಯ್ತಿದ್ರು."

ಭಾದ್ರಪದ ಹತ್ತಿರವಾದಂತೆ ಚೈತ್ರಳ ಮೈ ಸೂಚನೆ ಕೊಡತೊಡಗಿತು. ಬೆಳಗ್ಗೆ ಕಾಫಿ ಲೋಟ ಹಿಡಿದ ಕೈ ತಟಕ್ಕನೆ ಎಗರುತ್ತಿತ್ತು. ಮಾತನಾಡುತ್ತ ಮಾತನಾಡುತ್ತ ಒಂದು ಕ್ಷಣ ಕಣ್ಣು ಎಲ್ಲೋ ನಿಂತುಬಿಡುತ್ತಿತ್ತು. ಒಂದು ಸಲ ಒಲೆಯ ಮುಂದೆ ಕಾದ ಎಣ್ಣೆಯ ಬಾಣಲೆಯ ಪಕ್ಕದಲ್ಲೇ ಹಾಗೆ ನಿಂತದ್ದನ್ನು ಬಿಂದುಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ಒಲೆ ಆರಿಸಲು ಹೋಗಲಿಲ್ಲ, ನೋಡಿದಳು.

ಆ ದಿನ ಮಧ್ಯಾಹ್ನ ಚೈತ್ರ ಅಂಗಡಿಗೆ ಇಳಿದು ಬಂದಳು. "ಬಿಂದು, ಯಾಕೋ ಕೈ ಎಗರುತ್ತೆ ಕಣೆ. ನಿದ್ದೆನೂ ಸರಿ ಬರ್ತಿಲ್ಲ. ಏನಾದ್ರೂ ಕೊಡ್ತೀಯಾ?"

ಹೆದರಿದ್ದಳು. ಏತಕ್ಕೆ ಹೆದರಿದ್ದಾಳೆ ಎನ್ನುವುದು ಬಿಂದುಶ್ರೀಗೆ ತಿಳಿದಿತ್ತು. ಶೆಲ್ಫಿನಿಂದ ಬಿ ಕಾಂಪ್ಲೆಕ್ಸ್ ತೆಗೆದು ಕೌಂಟರಿನ ಮೇಲಿಟ್ಟಳು. "ಹಬ್ಬದ ಕೆಲಸ ಜಾಸ್ತಿ ಆಯ್ತು, ಸುಸ್ತು. ಊಟ ಆದ್ಮೇಲೆ ಒಂದು ತಗೊಳಿ." ಬಿಲ್ಲು ಹಾಕಲಿಲ್ಲ. ಎಂಥ ದೊಡ್ಡ ಮನಸ್ಸು.

ಗೌರಿ ಹಬ್ಬ ಬಂತು. ನಡುಮನೆಯಲ್ಲಿ ಬಾಳೆ ಕಂದು ಕಟ್ಟಿ, ಗೌರಿ ಕೂರಿಸಿ, ಬಾಗಿನದ ಮೊರಗಳನ್ನು ಸಾಲಾಗಿ ಇಟ್ಟಿದ್ದರು. ಬಾಡಿಗೆ ಮನೆಯ ಹೆಂಗಸರೆಲ್ಲ ಬಂದು ಕೂತಿದ್ದರು. ಬೆಳಗ್ಗೆ ಕಾಗದ ಪರೀಕ್ಷೆಯೂ ತಪ್ಪಿರಲಿಲ್ಲ. ಚೈತ್ರಳದು ಶಂಖಪುಷ್ಪದ ಹಾಗೆ ಕಡು ನೀಲಿ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಅವಳ ಗಲ್ಲ ಸವರಿದ್ದರು. ಬಿಂದುಶ್ರೀ ಅದನ್ನೂ ನೋಡಿದ್ದಳು.

"ಆರತಿ ಎತ್ತಮ್ಮ ಚೈತ್ರ" ಎಂದರು ಮುನಿಲಕ್ಷ್ಮಮ್ಮ. ಸೊಂಟದಿಂದ ಗೊಂಚಲು ಬಿಚ್ಚಿ ಆಗಲೇ ಮಡಿಲಲ್ಲಿ ಇಟ್ಟುಕೊಂಡಿದ್ದರು.

ಚೈತ್ರ ತಟ್ಟೆ ಎತ್ತಿದಳು. ಒಂದು ಸುತ್ತು ಬೆಳಗಿದಳು. ಎರಡನೆಯ ಸುತ್ತಿನ ನಡುವೆ ತಟ್ಟೆ ನಿಂತಿತು. ಕಣ್ಣು ಮೇಲಕ್ಕೆ ಹೋಯಿತು, ಗಂಟಲಿನಿಂದ ಮನುಷ್ಯರದಲ್ಲದ ಒಂದು ದನಿ ಹೊರಟಿತು, ನೆಟ್ಟಗೆ ಹಿಂದಕ್ಕೆ ಬಿದ್ದಳು. ತಲೆ ಹೊಸಿಲಿಗೆ ಬಡಿಯಿತು. ಉರಿಯುವ ಕರ್ಪೂರ ಅವಳ ಮುಂಗೈ ಮೇಲೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ, ಚರ್ಮ ಸುಡುವ ವಾಸನೆ ಮಿಕ್ಕವರಿಗೆ ಗೊತ್ತಾಯಿತು. ಕೈಕಾಲು ಬಡಿದುಕೊಳ್ಳತೊಡಗಿದವು, ಬಾಯಲ್ಲಿ ನೊರೆ, ಹೊಸ ರೇಷ್ಮೆ ಸೀರೆ ಒದ್ದೆಯಾಯಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಗೋಡೆಗೆ ಸರಿದರು.

"ಕಬ್ಬಿಣ ಕೊಡಿ, ಕೈಗೆ ಕಬ್ಬಿಣ ಕೊಡಿ" ಎಂದು ಯಾರೋ ಅಂದರು.

ಮುನಿಲಕ್ಷ್ಮಮ್ಮ ನೋಯುವ ಮಂಡಿಯಲ್ಲೇ ತೆವಳಿ ಹೋಗಿ, ಮಡಿಲ ಗೊಂಚಲನ್ನು ಸೊಸೆಯ ಮುಷ್ಟಿಗೆ ತುರುಕಿದರು. ಬೆರಳುಗಳು ಅದರ ಸುತ್ತ ಬಿಗಿದುಕೊಂಡವು. ಸ್ವಲ್ಪ ಹೊತ್ತಿಗೆ ಮೈ ಸಡಿಲವಾಯಿತು, ಮುಷ್ಟಿ ಮಾತ್ರ ಸಡಿಲವಾಗಲಿಲ್ಲ.

ಗೋಡೆಗೆ ಒರಗಿ ನಿಂತ ಬಿಂದುಶ್ರೀ ಕಾಯುತ್ತಿದ್ದಳು. ಈಗ ತೆಗೆಯುತ್ತಾರೆ, ಈಗ ಒಂದೊಂದೇ ಬೆರಳು ಬಿಡಿಸಿ ತೆಗೆಯುತ್ತಾರೆ. ಭೀಮೇಶ ಬಗ್ಗಿ ಕೈ ಹಾಕಿಯೂ ಹಾಕಿದ.

"ಬಿಡು" ಎಂದರು ಮುನಿಲಕ್ಷ್ಮಮ್ಮ. "ಅವಳ ಕೈಯಲ್ಲೇ ಇರ್ಲಿ. ಗೌರಮ್ಮನೇ ಕೊಟ್ಟಾಯ್ತು."

ಆಮೇಲೆ ಆ ಗಟ್ಟಿಗಿತ್ತಿ ಮುದುಕಿ ಅತ್ತದ್ದನ್ನು ಆ ಮನೆ ಮೊದಲ ಸಲ ಕಂಡಿತು. "ನನ್ನ ತಂಗಿ ಸೊಣ್ಣಮ್ಮಂಗೂ ಇದೇ ಇತ್ತು. ದೆವ್ವ ಅಂತ ಹುಣಸೆ ಮರಕ್ಕೆ ಕಟ್ಟಿ ಹೊಡೆದ್ರು. ಗಂಡನ ಮನೆಯೋರು ವಾಪಸ್ ತಂದು ಬಿಟ್ಟೋದ್ರು. ಕೆರೆಗೆ ನೀರಿಗೆ ಹೋದೋಳು ಅಲ್ಲೇ ಬಿದ್ದು ಸತ್ಲು. ಮೊಣಕಾಲುದ್ದ ನೀರು." ಸೆರಗಿನಿಂದ ಚೈತ್ರಳ ಬಾಯಿ ಒರೆಸಿದರು. "ನನ್ನ ಮನೇಲಿ ಬಿದ್ದೋರನ್ನ ಆಚೆಗೆ ಹಾಕಲ್ಲ. ತಿಳ್ಕೊಳಿ ಎಲ್ಲರೂ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದು. ಬಿಂದುಶ್ರೀ ಇಷ್ಟು ದಿನ ಕಾದು, ಬಾಯಿ ಹೊಲಿದುಕೊಂಡು, ಒಬ್ಬಳನ್ನು ಊರ ಮುಂದೆ ಬೀಳಿಸಿದ್ದರ ಫಲವಾಗಿ ಗೊಂಚಲು ಹೋಗಬೇಕಾದ ಕೈಗೇ ಹೋಗಿತ್ತು.

ಹಬ್ಬ ಮುಗಿದ ಮೇಲೆ ಚೈತ್ರಳನ್ನು ನರರೋಗದ ಡಾಕ್ಟರ ಬಳಿ ಕರೆದೊಯ್ದರು. ಗಂಡ ಕೆಂಪರಾಜು ಹೋದ. ಮದುವೆಯಾದ ಮೇಲೆ ಅವನಿಗೂ ಈ ಗುಟ್ಟು ಗೊತ್ತಾಗಿತ್ತು, ತಾಯಿಗೆ ಹೇಳಿರಲಿಲ್ಲ ಅಷ್ಟೇ. "ಔಷಧದ ವಿಷಯ ತಿಳಿದೋಳು, ಬಿಂದು ಜೊತೆಗಿರ್ಲಿ" ಎಂದು ಅತ್ತೆ ಇವಳನ್ನೂ ಕಳಿಸಿದರು.

ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಹುಬ್ಬೇರಿಸಿದರು. "ಮಾತ್ರೆ ಮೈಯಲ್ಲಿ ಇರಬೇಕಾದ್ದರ ಅರ್ಧಾನೂ ಇಲ್ಲ. ಎಷ್ಟು ದಿನದಿಂದ ತಪ್ಪಿಸ್ತಿದ್ದೀರಮ್ಮ?"

"ಒಂದು ದಿನಾನೂ ತಪ್ಪಿಸಿಲ್ಲ ಸಾರ್."

"ಎಲ್ಲರೂ ಹಾಗೇ ಹೇಳ್ತಾರೆ" ಎಂದು ಅವರು ನಕ್ಕರು. "ಬೇರೆ ಏನಾದ್ರೂ ಔಷಧ ತಗೊಳ್ತಿದ್ದೀರಾ?"

ಬಿ ಕಾಂಪ್ಲೆಕ್ಸ್ ಎಂದಳು ಚೈತ್ರ. ಸೋಡಾ ಎನ್ನಲಿಲ್ಲ. ಬೋಂಡಕ್ಕೂ ಹಾಕುವ ಸೋಡಾವನ್ನು ಯಾರು ಔಷಧ ಎಂದುಕೊಳ್ಳುತ್ತಾರೆ? ಪಕ್ಕದ ಕುರ್ಚಿಯಲ್ಲಿ ಕೂತ ಬಿಂದುಶ್ರೀ ತನ್ನ ಉಗುರು ನೋಡಿಕೊಂಡಳು. ಈಗಲೂ ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ನಿನಗೆ ಯಾವಾಗಿನಿಂದ ಗೊತ್ತು?

ಡಾಕ್ಟರು ಅದೇ ಮಾತ್ರೆಯನ್ನು ತಪ್ಪದೆ ನುಂಗಲು ಹೇಳಿ ಕಳಿಸಿದರು. ಹೊರಗೆ ಬಂದ ಮೇಲೆ ಕೆಂಪರಾಜು ಕಾರಿಡಾರಿನಲ್ಲೇ ಹೆಂಡತಿಯ ಮೇಲೆ ಹರಿಹಾಯ್ದ. "ನುಂಗೋದು ಒಂದು ಮಾತ್ರೆ. ಅದೂ ನೆನಪಿರಲ್ವಾ ನಿಂಗೆ? ಮಾನ ಹೋಯ್ತಲ್ಲೇ." ಅವನು ಗಾಡಿ ತರಲು ಹೋದಾಗ ಚೈತ್ರ ಸುಟ್ಟ ಮುಂಗೈಯ ಬ್ಯಾಂಡೇಜು ಹಿಡಿದುಕೊಂಡು ಅಳುತ್ತಿದ್ದಳು.

"ದೇವರಾಣೆ ತಪ್ಪಿಸಿಲ್ಲ ಬಿಂದು. ಯಾರೂ ನಂಬ್ತಿಲ್ಲ. ನೀನಾದ್ರೂ ನಂಬ್ತೀಯಾ?"

"ನಂಬ್ತೀನಿ ಅಕ್ಕ" ಎಂದಳು ಬಿಂದುಶ್ರೀ. ಆ ದಿನ ಅವಳು ಆಡಿದ ನಿಜವಾದ ಮಾತು ಅದೊಂದೇ.

ಮನೆಗೆ ಬಂದರೆ ಮುನಿಲಕ್ಷ್ಮಮ್ಮ ಲಕ್ಕಪ್ಪನನ್ನು ಕೇಳಿ ಬಂದಿದ್ದರು. ಆಸಿಡ್ಡು ತಲೆಗೆ ಏರಿದೆಯಂತೆ. ಸೋಡಾ ದುಪ್ಪಟ್ಟು ಮಾಡಬೇಕಂತೆ. "ಬಿಂದು, ನಾಳೆಯಿಂದ ನೀನೇ ಕಲಸಿ ಕೊಡು. ಅವಳ ಕೈ ನಡುಗುತ್ತೆ. ಬೆಳಗ್ಗೆ ಎರಡು ಚಮಚ, ಸಂಜೆ ಎರಡು. ನೀನು ಓದಿದೋಳು, ಅಳತೆ ತಪ್ಪಲ್ಲ."

ಮಾರನೆಯ ಬೆಳಗ್ಗೆ ಬಿಂದುಶ್ರೀ ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದಳು. ಮುಂದೆ ರಸದ ಲೋಟ, ಪಕ್ಕದಲ್ಲಿ ಸೋಡಾ ಡಬ್ಬಿ. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ ಈಗ. ಬರೀ ರಸ ಕೊಟ್ಟರೆ ಮುಗಿಯಿತು. ಬೆಳಗಿನ ಕಾಗದಕ್ಕೆ ಅವಳ ಬಳಿ ಹಳೆಯ ಉಪಾಯ ಇದ್ದೇ ಇತ್ತು, ತಾನೇ ತೋರಿಸುವ ನೆಪದಲ್ಲಿ ಚೈತ್ರಳ ಕೈಯಿಂದ ತೆಗೆದುಕೊಂಡು ಸೋಡಾ ನೀರಿನಲ್ಲಿ ಅದ್ದಿದರೆ ಅತ್ತೆಗೆ ನೀಲಿ, ಚೈತ್ರಳಿಗೆ ಪ್ರಾಣ. ಮಾತ್ರೆ ಮೈಯಲ್ಲಿ ಉಳಿಯುತ್ತದೆ, ಮತ್ತೆ ಬೀಳುವುದಿಲ್ಲ. ಮಾಡಿದ್ದು ಯಾರಿಗೂ ತಿಳಿಯದೆ ತೊಳೆದುಹೋಗುತ್ತದೆ. ದೇವರು ಇಷ್ಟು ಸುಲಭದ ಪ್ರಾಯಶ್ಚಿತ್ತವನ್ನು ಎಲ್ಲರಿಗೂ ಕೊಡುವುದಿಲ್ಲ. ಅವಳು ಡಬ್ಬಿಯ ಮುಚ್ಚಳವನ್ನು ಮುಚ್ಚಿಯೂ ಮುಚ್ಚಿದಳು.

ಚೈತ್ರ ಒಳಗೆ ಬಂದಳು. ತಲೆಯ ಹಿಂದೆ ಬಾವು, ಸೊಂಟದಲ್ಲಿ ಗೊಂಚಲು. ಅದರಿಂದ ಒಂದು ಬೀಗದ ಕೈಯನ್ನು ಉಗುರಿನಲ್ಲಿ ಕಷ್ಟಪಟ್ಟು ಬಿಡಿಸಿ, ಬಿಂದುಶ್ರೀಯ ಅಂಗೈಯಲ್ಲಿಟ್ಟಳು.

"ನಿನ್ನ ಶಟರಿಂದು. ನಿನ್ನ ಹತ್ರಾನೇ ಇರ್ಲಿ. ದಿನಾ ಬಂದು ಕೇಳೋದು ಏನು ಚೆನ್ನ? ನಂಗೆ ಮೊದಲಿಂದ್ಲೂ ಸಂಕಟ ಆಗ್ತಿತ್ತು ಅದನ್ನ ನೋಡಿದ್ರೆ."

ಬಿಂದುಶ್ರೀ ಬೀಗದ ಕೈಯನ್ನು ನೋಡಿದಳು. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ. ಚೈತ್ರಳನ್ನು ಕೇಳಿದ್ದರೆ ಮೊದಲೇ ಕೊಡಿಸುತ್ತಿದ್ದಳೇನೋ. ಸೋಡಾ ಡಬ್ಬಿಯನ್ನು ದೂರ ಸರಿಸಿದಳು, ಅದು ನಿಜ, ಅಷ್ಟರಮಟ್ಟಿಗೆ ಮನುಷ್ಯಳೇ. ಆದರೆ ಚೈತ್ರ ನಡುಮನೆಯತ್ತ ತಿರುಗಿ ನಡೆದಾಗ ಮಿಕ್ಕ ಬೀಗದ ಕೈಗಳೆಲ್ಲ ಅವಳ ಸೊಂಟದಲ್ಲಿ ಒಟ್ಟಿಗೆ ಸದ್ದು ಮಾಡಿದವು. ತನ್ನ ಕೈಯಲ್ಲಿ ಒಂದು. ಅಲ್ಲಿ ಅಷ್ಟು. ಅದೂ ದಾನವಾಗಿ ಬಂದದ್ದು. ಕನಿಕರಪಟ್ಟು ಕೊಟ್ಟದ್ದು.

"ಬಿಂದು, ಆಯ್ತಾ ಕಲಸಿದ್ದು?" ಎಂದು ನಡುಮನೆಯಿಂದ ಅತ್ತೆ ಕೇಳಿದರು.

"ಆಯ್ತು ಅತ್ತೆ, ಬಂದೆ."

ಅವಳು ಶಟರಿನ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಡಬ್ಬಿಯ ಮುಚ್ಚಳ ತೆಗೆದಳು. ಎರಡು ಚಮಚ ಹಾಕಿದಳು. ಮತ್ತೆ ಅರ್ಧ ಹಾಕಿ, ಗಂಟಿಲ್ಲದ ಹಾಗೆ ಚೆನ್ನಾಗಿ ಕಲಸಿದಳು.

ಚೈತ್ರ ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದು ತೊಟ್ಟೂ ಉಳಿಸದೆ ಕುಡಿದಳು.